ಕೆಮ್ಮಿ ಬರುವ ಮುಕ್ತಾಬಾಯಿ

ಎಪ್ಪತ್ತನಾಲ್ಕನೇ ಇಸವಿಯ ಸುಮಾರಿಗೆ ಸೊಲ್ಲಾಪುರದ ಹೆಣ್ಣುಮಕ್ಕಳ ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ಮುಕ್ತಾಬಾಯಿಯವರ ಕೆಮ್ಮು ಎಷ್ಟೋ ದೂರದ ದುಧನಿ ಸ್ಟೇಷನ್ನಿಗೂ ಕೇಳಿಸುತ್ತದೆಂದು ಅಡುಗೆಯವರು ನಗುತ್ತಿದ್ದರು. ಅವರಿಗೆ ಯಾವ ರೋಗವೂ ಇರಲಿಲ್ಲ; ಮಕ್ಕಳು ಹೆದರಬಾರದೆಂದು ಬಾಗಿಲ ಹೊರಗೇ ಕೆಮ್ಮಿ, "ಒಳಗ ಬರಲೇನವ್ವಾ?" ಎಂದು ಆರು ವರ್ಷದವರ ಅಪ್ಪಣೆಯನ್ನೂ ಕೇಳುತ್ತಿದ್ದರು. "ಈಗ ಹಣಗಿ ಹಚ್ಚತೀನಿ ನೋಡು" ಎಂದು ಹೇಳದೆ ಯಾರ ಕೂದಲನ್ನೂ ಬಾಚುತ್ತಿರಲಿಲ್ಲ. ಮಲತಂದೆಯ ಏಟು ತಿಂದು ಬಂದಿದ್ದ ಶೇವಂತಿ ಮಂಚದ ಕೆಳಗೆ ಸೇರಿಕೊಂಡು ಹೊರಗೆ ಬಾರದಿದ್ದಾಗ ಸೆಕ್ರೆಟರಿ ಸಾಹೇಬರು, "ಕೈ ಹಿಡದು ಎಳೀರಿ" ಎಂದರು. ಮುಕ್ತಾಬಾಯಿ ಎಳೆಯಲಿಲ್ಲ. ದಿನವೂ ಮಂಚದ ಪಕ್ಕ ನೆಲದ ಮೇಲೆ ಕೂತು, ಏನೂ ಕೇಳದೆ ಶೇಂಗಾ ಸುಲಿದರು. ಒಂದು ಮಧ್ಯಾಹ್ನ ಸಣ್ಣ ಕೈಯೊಂದು ಕಾಳಿಗಾಗಿ ಹೊರಬಂತು. ಮುಂದೆ ಕೆಲವು ದಿನಕ್ಕೆ ಹುಡುಗಿಯೇ ಬಂದು ಒತ್ತಿ ಕೂತು, "ಬಾಯಾರ, ನಿಮಗ ಯಾರು ಹೊಡೀತಿದ್ರು?" ಎಂದಳು. ದೊಡ್ಡವರು ಯಾರೂ ಕೇಳಿರದ ಮಾತು. ಮುಕ್ತಾಬಾಯಿ ಸುಲಿಯುವುದನ್ನು ನಿಲ್ಲಿಸಿದರು. "ನಮ್ಮಪ್ಪ," ಎಂದರು. "ಈಗ ಅಂವಗ ಲಕ್ವಾ ಹೊಡದದ, ಅಕ್ಕಲಕೋಟದಾಗ ಹಾಸಿಗಿ ಹಿಡದಾನ. ಐತವಾರಕ್ಕೊಮ್ಮಿ ಹೋಗಿ ನಾನೇ ಉಣಿಸಿ ಬರತೀನಿ. ತುತ್ತು ಕೊಡಾಕ ಕೈ ಎತ್ತಿದರ, ಅಂವಾ ಬೆಚ್ಚಿ ಬೀಳತಾನ."