ಖಾಲಿ ಪೆಟ್ಟಿಗೆಗಳ ಗೋಡೆ

ಎರಡು ವರ್ಷದ ಹಿಂದಿನ ಫೆಬ್ರವರಿಯ ಮಾತು. ಚನ್ನರಾಯಪಟ್ಟಣದ ಒಂದು ಖಾಸಗಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮ ರಾಕ್ ಬ್ಯಾಂಡನ್ನು ಕರೆದಿದ್ದರು. ಹೊಳೆನರಸೀಪುರದಲ್ಲಿ ಗಣಿತದ ಮೇಷ್ಟ್ರಾಗಿರುವ ನನಗೆ ಮೊದಲಿನಿಂದಲೂ ಗಿಟಾರ್ ಹುಚ್ಚು. ಅರಕಲಗೂಡಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವ ಚೇತನ್ ನಮ್ಮ ಡ್ರಮ್ಮರ್. ಹಾಸನದ ಇನ್ನಿಬ್ಬರು ಗೆಳೆಯರು ಸೇರಿ ನಾಲ್ವರ ತಂಡ. ಅಲ್ಲಿಯವರೆಗೆ ನಾವು ಬಾರಿಸಿದ್ದೆಲ್ಲ ಪರಿಚಯದವರ ಮದುವೆ, ಹುಟ್ಟುಹಬ್ಬಗಳಲ್ಲಿ. ಸಾವಿರ ಜನರ ಮುಂದೆ ನಿಲ್ಲುವುದು ಅದೇ ಮೊದಲು. ನಾನು ಮೊದಲೇ ಕೂತಲ್ಲಿ ಕೂರಲಾರದ ಆಸಾಮಿ. ಆ ತಿಂಗಳಿಡೀ ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗಲೂ ಎಡಗೈ ಮೇಜಿನ ಮೇಲೆ ತಾಳ ಹಾಕುತ್ತಿತ್ತು.

ಒಂದು ಭಾನುವಾರ ಚೇತನ್ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ವಿದೇಶದ ಯಾವುದೋ ತಂಡದ ಹಿಂದೆ ಆಳೆತ್ತರದ ಆಂಪ್ಲಿಫೈಯರ್‌ಗಳ ಗೋಡೆ. "ಇದ್ರಲ್ಲಿ ಮುಕ್ಕಾಲು ಭಾಗ ಬರೀ ಡಬ್ಬ ಕಣೋ. ಒಳಗೆ ಏನೂ ಇರಲ್ಲ, ನೋಡೋಕೆ ಅಷ್ಟೇ. ನಾವೂ ಮಾಡಾಣ" ಎಂದ. ನನಗೆ ಅಷ್ಟು ಸಾಕಾಗಿತ್ತು. ಅವನ ಅಂಗಡಿಯಲ್ಲಿ ಉಳಿದ ಪ್ಲೈವುಡ್ ತುಂಡುಗಳಿಂದ ಹನ್ನೆರಡು ಪೆಟ್ಟಿಗೆ ಹೊಡೆದೆವು. ಮುಂದುಗಡೆ, ತಂಬಾಕಿನ ಸಸಿಮಡಿಗೆ ಹೊದಿಸುವ ಕಪ್ಪು ನೆರಳು ಪರದೆ ಬಿಗಿದೆವು. ಪರದೆಯ ಹಿಂದೆ ಸ್ಪೀಕರಿನ ದುಂಡನೆಯ ಆಕಾರ ಕಾಣಬೇಕಲ್ಲ, ಅದಕ್ಕೆ ಊಟದ ಅಡಿಕೆ ಹಾಳೆಯ ತಟ್ಟೆಗಳಿಗೆ ಬಣ್ಣ ಬಳಿದು ಅಂಟಿಸಿದೆವು. ನಮ್ಮ ನಿಜವಾದ ಆಂಪ್ಲಿಫೈಯರ್ ಒಂದೇ, ಅದೂ ಪುಟ್ಟದು. ಅದರ ಮುಂದೆ ಒಂದು ಮೈಕ್ ಇಟ್ಟರೆ, ಕಾಲೇಜಿನವರು ಗೊತ್ತು ಮಾಡಿದ ಸೌಂಡ್ ಸೆಟ್ಟಿನಿಂದ ಜನಕ್ಕೆ ಶಬ್ದ ಕೇಳುತ್ತದೆ. ಇದು ನಮ್ಮ ಲೆಕ್ಕ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರಕ್ಕೇ ಹೋಗಿ ವೇದಿಕೆ ಮೇಲೆ ಗೋಡೆ ಎಬ್ಬಿಸಿದೆವು. ಹುಡುಗಿಯರ ಗುಂಪೊಂದು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿತು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಟೀ ಕುಡಿದು ಬರೋಣವೆಂದು ಹೋಗಿ ನಾಲ್ಕೂವರೆಗೆ ಬಂದರೆ ಮೈದಾನದಲ್ಲಿ ಸೌಂಡ್ ಸೆಟ್ಟೇ ಇಲ್ಲ.

ಸ್ವಾಗತ ಸಮಿತಿಯ ಅಧ್ಯಕ್ಷರು ನಗುತ್ತಾ ಬಂದರು. "ಹಿರೀಸಾವೆ ರುದ್ರಣ್ಣ ನಾಕು ಬಾಕ್ಸ್ ತಂದಿದ್ರು ಸಾರ್. ನೀವೇ ಹನ್ನೆರಡು ತಂದಿದೀರಲ್ಲ, ಇನ್ನ್ಯಾಕೆ ಅಂತ ವಾಪಸ್ ಕಳಿಸ್ಬುಟ್ಟೆ. ಏನ್ ಸಾರ್ ನಿಮ್ ಸೆಟ್ಟು, ಭರ್ಜರಿ!"

ನಮ್ಮ ಕಡೆ ಸೌಂಡನ್ನು ಬಾಕ್ಸ್ ಎಣಿಸಿಯೇ ಅಳೆಯುವುದು. ನಾಮಕರಣಕ್ಕೆ ಎರಡು, ಮದುವೆಗೆ ನಾಲ್ಕು, ಆರ್ಕೆಸ್ಟ್ರಾಕ್ಕೆ ಎಂಟು. ಹನ್ನೆರಡು ಕಂಡ ಮೇಲೆ ಅಧ್ಯಕ್ಷರದೇನು ತಪ್ಪು? ಸತ್ಯ ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. "ಅವರದೂ ಇರಲಿ ಸಾರ್, ಎರಡೂ ಸೇರಿದರೇ ಚೆನ್ನ" ಎಂದು ತೊದಲಿ, ಚೇತನ್‌ನಿಂದ ಬೈಕಿನ ಕೀ ಕಿತ್ತುಕೊಂಡು ಹೊರಟೆ. ರುದ್ರಣ್ಣನಿಗೆ ಫೋನ್ ಮೇಲೆ ಫೋನ್ ಮಾಡಿದರೂ ಎತ್ತಲಿಲ್ಲ. ಹೆದ್ದಾರಿಯಲ್ಲಿ ಎದುರಿಗೆ ಬಂದ ಪ್ರತಿಯೊಂದು ಲಾರಿಯ ಮೇಲೂ ಸಿಟ್ಟು ಬರುತ್ತಿತ್ತು. ಗಡಿಯಾರ ನೋಡುವುದು, ಗಾಡಿ ಓಡಿಸುವುದು, ಮತ್ತೆ ಗಡಿಯಾರ ನೋಡುವುದು.

ಹಿರೀಸಾವೆಯ ರಸ್ತೆ ಬದಿಯ ಅಂಗಡಿ ಮುಂದೆ ಐವತ್ತೈದು ದಾಟಿದ ರುದ್ರಣ್ಣ ಗೂಡ್ಸ್ ಆಟೋದ ಹಗ್ಗ ಬಿಚ್ಚುತ್ತಿದ್ದರು. ವಿಷಯ ಹೇಳಿದರೆ ತಿರುಗಿಯೂ ನೋಡಲಿಲ್ಲ.

"ನಿಮ್ದೇ ಐತಲ್ಲ ಸಾ, ಆಳೆತ್ರ. ನಮ್ದ್ಯಾಕೆ? ಅಷ್ಟ್ ಜನದ್ ಮುಂದೆ ವೋಗಯ್ಯ ಅಂದ್ಬುಟ್ರು."

ಬೇರೆ ದಾರಿ ಇರಲಿಲ್ಲ. "ಅವೆಲ್ಲ ಖಾಲಿ ರುದ್ರಣ್ಣ, ಬರೀ ಪ್ಲೈವುಡ್ಡು" ಎಂದುಬಿಟ್ಟೆ.

ಹಗ್ಗ ಹಿಡಿದ ಕೈ ನಿಂತಿತು. "ಎಲ್ಲಾನೂವಾ?"

"ಎಲ್ಲಾನೂ."

ಬೈಯುತ್ತಾರೆಂದುಕೊಂಡೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಯಾರ್ಗೂ ಏಳ್ಬ್ಯಾಡಿ ಸಾ ಇದ. ನಮ್ಮಿಬ್ರಲ್ಲೇ ಇರ್ಲಿ. ನಡೀರಿ, ಬತ್ತೀನಿ." ನನ್ನ ಮರ್ಯಾದೆ ಕಾಯಲು ಹಾಗೆ ಹೇಳಿದರೆಂದು ಕಣ್ಣು ತುಂಬಿ ಬಂತು. ಆಗಲಿ ಎಂದು ಮಾತು ಕೊಟ್ಟೆ.

ಆರೂವರೆಗೆ ಶುರುವಾಯಿತು. ರುದ್ರಣ್ಣನ ಬಾಕ್ಸುಗಳು ವೇದಿಕೆಯ ಎರಡು ಪಕ್ಕ ಎರಡೆರಡು ನಿಂತಿದ್ದವು. ಅವರು ಕೆಳಗೆ ಮಿಕ್ಸರ್ ಮುಂದೆ ಕೂತು ಕಿವಿ ಓರೆ ಮಾಡಿ ಗುಂಡಿ ತಿರುಗಿಸುತ್ತಿದ್ದರು. ನನ್ನ ಗಿಟಾರ್ ಅಷ್ಟು ಚೆನ್ನಾಗಿ ನನಗೇ ಹಿಂದೆಂದೂ ಕೇಳಿರಲಿಲ್ಲ. ಮೈದಾನದ ಕೊನೆಯಲ್ಲಿದ್ದವರೂ ಕುಣಿಯುತ್ತಿದ್ದರು.

ಮೂರು ಹಾಡು ಮುಗಿದ ಮೇಲೆ ಅಧ್ಯಕ್ಷರು ಮೈಕ್ ಹಿಡಿದರು. "ನೋಡಿದ್ರಾ, ಈ ಹನ್ನೆರಡು ಬಾಕ್ಸಿನ ತಾಕತ್ತು! ಮುಂದಿನ ವರ್ಷದಿಂದ ನಮ್ಮ ರುದ್ರಣ್ಣನ ಹಳೇ ಡಬ್ಬಗಳಿಗೆ ರಿಟೈರ್‌ಮೆಂಟು" ಎಂದರು. ಎಲ್ಲರೂ ನಕ್ಕರು. ರುದ್ರಣ್ಣ ತಲೆ ಬಗ್ಗಿಸಿ ಯಾವುದೋ ವೈರ್ ಸರಿ ಮಾಡತೊಡಗಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾರದೋ ದುಡಿಮೆಯ ಹೊಗಳಿಕೆ ನನ್ನ ಅಡಿಕೆ ತಟ್ಟೆಗಳಿಗೆ ಹೋಗುತ್ತಿತ್ತು. ಚೇತನ್ ಹಿಂದಿನಿಂದ ಬೇಡ ಬೇಡ ಎಂದು ಡ್ರಮ್ ಕೋಲು ಆಡಿಸಿದ. ಕೊಟ್ಟ ಮಾತೂ ನೆನಪಾಯಿತು. ಆದರೆ ತಡೆದುಕೊಳ್ಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಹೋಗಿ ಒಂದು ಪೆಟ್ಟಿಗೆಯ ಪರದೆ ಹರಿದೆ. ತಟ್ಟೆಯೊಂದು ಕಿತ್ತು ಬಂದು ವೇದಿಕೆ ಮೇಲೆ ಉರುಳಿತು. "ಇವೆಲ್ಲ ಖಾಲಿ. ನೀವು ಕೇಳಿದ್ದು ರುದ್ರಣ್ಣನ ಸೌಂಡು" ಎಂದು ಮೈಕಿನಲ್ಲಿ ಕೂಗಿದೆ. ಮೈದಾನದ ತುಂಬ ಶಿಳ್ಳೆ, ಚಪ್ಪಾಳೆ. ದೊಡ್ಡ ಕೆಲಸ ಮಾಡಿದೆನೆಂದು ನನ್ನ ಎದೆ ಉಬ್ಬಿತು.

ಆ ಉಬ್ಬು ಐದು ನಿಮಿಷವೂ ಇರಲಿಲ್ಲ. ಹುಡುಗರು ವೇದಿಕೆ ಹತ್ತಿ ನಮ್ಮ ಪೆಟ್ಟಿಗೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ನಕ್ಕರು. ಅದೇ ಉಮೇದಿನಲ್ಲಿ ಪಕ್ಕಕ್ಕೆ ಹೋಗಿ ರುದ್ರಣ್ಣನ ಬಾಕ್ಸುಗಳನ್ನೂ ತಟ್ಟಿದರು. ನಾಲ್ಕರಲ್ಲಿ ಎರಡು ಟೊಳ್ಳು ಟೊಳ್ಳಾಗಿ ಸದ್ದು ಮಾಡಿದವು. ಒಬ್ಬ ಅದರಲ್ಲೊಂದನ್ನು ಒಂದೇ ಕೈಯಲ್ಲಿ ಎತ್ತಿ, "ಲೇ, ಇದೂ ಖಾಲಿ ಕಣ್ಲಾ!" ಎಂದು ಕೂಗಿದ. ಮೈದಾನವೆಲ್ಲ ಹೋ ಎಂದಿತು.

ನಾನು ವೇದಿಕೆಯಿಂದ ಇಳಿದು ಓಡಿದೆ. ರುದ್ರಣ್ಣ ಆ ಬಾಕ್ಸನ್ನು ಕೆಳಗಿಳಿಸಿಕೊಂಡು ಅದರ ಮೇಲೆ ಕೈಯಿಟ್ಟು ನಿಂತಿದ್ದರು.

"ಯಾರ್ಗೂ ಏಳ್ಬ್ಯಾಡಿ ಅಂದಿದ್ನಲ್ಲ ಸಾ."

"ನಿಮಗೆ ಅವಮಾನ ಆಯ್ತಲ್ಲ ಅಂತ..."

"ನಾಕು ಬಾಕ್ಸ್ ಕಾಣ್ದಿದ್ರೆ ಮದ್ವೆ ಮನೇರು ಕರೆಯಾಕಿಲ್ಲ. ಎಲ್ಡ್ರಲ್ಲೇ ಊರೆಲ್ಲಾ ಕೇಳಂಗೆ ಮಾಡ್ತೀನಿ ನಾನು. ನೀವೇ ಏಳಿ, ಸೌಂಡು ಏನಾರ ಕಮ್ಮಿ ಆಯ್ತಾ?"

ಆಗಿರಲಿಲ್ಲ. ಉಳಿದ ಹಾಡುಗಳನ್ನು ಹೇಗೆ ಬಾರಿಸಿದೆನೋ ನೆನಪಿಲ್ಲ. ಆದರೆ ಅವರು ಕೊನೆಯ ಹಾಡಿನವರೆಗೂ ಗುಂಡಿ ತಿರುಗಿಸುತ್ತಲೇ ಇದ್ದರು, ಎಲ್ಲೂ ಸೌಂಡ್ ಕೆಡಿಸಲಿಲ್ಲ.

ಕಳೆದ ತಿಂಗಳು ದಂಡಿಗನಹಳ್ಳಿಯಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯ ಮಗಳ ಮದುವೆ. ಚಪ್ಪರದ ಬಳಿ ಗೂಡ್ಸ್ ಆಟೋ ನಿಂತಿತ್ತು, ಪಕ್ಕದಲ್ಲಿ ರುದ್ರಣ್ಣ. ತಪ್ಪಿಸಿಕೊಳ್ಳಲು ನೋಡಿದೆ. ಅವರೇ ಕರೆದರು.

"ಬನ್ನಿ ಸಾ, ಚೆಂದಾಗಿದೀರಾ? ವಸಿ ಒಂದ್ ಕೈ ಕೊಡಿ."

ಬಾಕ್ಸಿನ ಒಂದು ತುದಿ ಹಿಡಿದೆ. ಸೊಂಟ ಹಿಡಿದುಕೊಳ್ಳುವಷ್ಟು ಭಾರ. ಓರೆಯಾದಾಗ ಒಳಗೆ ಏನೋ ಸರಸರ ಜಾರಿದ ಸದ್ದು.

"ಮೆಲ್ಲಗೆ ಸಾ, ಮಳ್ಳು" ಎಂದರು.

"ಮರಳಾ?"

"ಊ. ಈಗೆಲ್ಲಾ ತಟ್ಟಿ ನೋಡ್ತಾರೆ, ಎತ್ತಿ ನೋಡ್ತಾರೆ. ಎಲ್ಡಕ್ಕೂ ಮಳ್ಳು ತುಂಬ್ಸಿವ್ನಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಇಬ್ಬರೂ ಸೇರಿ ಎರಡನ್ನೂ ಇಳಿಸಿದೆವು. ಅವರು ಸೊಂಟಕ್ಕೆ ಕೈ ಕೊಟ್ಟು ಸುಧಾರಿಸಿಕೊಳ್ಳುತ್ತಿರುವಾಗಲೇ ಹುಡುಗಿಯ ಸೋದರಮಾವ ಬಂದು ನಾಲ್ಕನ್ನೂ ಒಂದೊಂದಾಗಿ ತಟ್ಟಿ ನೋಡಿ, ಸರಿ ಎಂದು ತಲೆಯಾಡಿಸಿ ಹೋದರು.

ನಾನು ಅಂದು ಹೇಳಿದ್ದು ನಿಜವೇ, ಸುಳ್ಳಲ್ಲ. ಆದರೆ ಯಾರಿಗಾಗಿ ಹೇಳಿದೆನೋ ಅವರನ್ನು ಒಂದು ಮಾತು ಕೇಳಲಿಲ್ಲ. ಚಪ್ಪಾಳೆ ನನಗೆ ಸಿಕ್ಕಿತು. ಈ ವಯಸ್ಸಿನಲ್ಲಿ ರುದ್ರಣ್ಣ ಊರಿಂದೂರಿಗೆ ಮರಳು ಹೊರುತ್ತಿದ್ದಾರೆ.