ಅಡಕತ್ತರಿಯ ಅರ್ಧ ಗುಳಿಗೆ

ಈಚೆಗೆ ಬೆಳಿಗ್ಗೆ ಎದ್ದಾಗ ಬಾಯಿ ಜೋಳದ ದಂಟಿನ ಒಣ ರವದಿಯ ಹಾಗೆ ಒಣಗಿರುತ್ತದೆ. ಕುತ್ತಿಗೆಯಿಂದ ಹೊರಟು ಬಲಗೈಯ ಕಿರುಬೆರಳಿನ ತನಕ ಜುಮುಜುಮು ಹರಿಯುವ ನೋವಿಗೆಂದು ಇಂಡಿ ಊರಿನ ಡಾಕ್ಟರು ರಾತ್ರಿ ಊಟವಾದ ಮೇಲೆ ನುಂಗುವುದಕ್ಕೆ ಒಂದು ಸಣ್ಣ ಗುಳಿಗೆ ಬರೆದುಕೊಟ್ಟಿದ್ದಾರೆ. ಔಷಧದ ಅಂಗಡಿಯವನು ನನ್ನ ಹತ್ತಿರವೇ ಗಣಿತ ಕಲಿತವನು. ಚೀಟಿ ನೋಡಿದ, ನನ್ನ ಮುಖ ನೋಡಿದ, ದನಿ ತಗ್ಗಿಸಿ, "ಸರ, ಮನ್ಯಾಗ ಎಲ್ಲಾ ಆರಾಮ ಐತಲ್ರಿ?" ಅಂದ. ಕುತ್ತಿಗೆ ನೋವಿನವನನ್ನು ಯಾರೂ ಹಾಗೆ ಕೇಳುವುದಿಲ್ಲ. ಅವನು ಕೊಟ್ಟ ಗುಳಿಗೆಯ ಪಟ್ಟಿಯ ಬೆನ್ನಿನ ಮೇಲೆ ಹೆಸರು ಓದಿದೆ. ಅಮಿಟ್ರಿಪ್ಟಿಲಿನ್.

ಓಹೋ, ನೀನೇನಪ್ಪಾ, ಅಂದುಕೊಂಡೆ. ಹಳೆಯ ಪರಿಚಯ.

ಗಣಿತದ ಮಾಸ್ತರನಾದ ನನಗೆ ಒಂದು ಲೆಕ್ಕಕ್ಕೆ ಎರಡು ಉತ್ತರ ಬಂದರೆ ತಕರಾರಿಲ್ಲ, ಹಾಗೆ ಬರುವ ಲೆಕ್ಕಗಳಿವೆ. ಆದರೆ ಒಂದು ಗುಳಿಗೆಗೆ ಎರಡು ಕೆಲಸವಿದ್ದು, ಅದು ಯಾವ ಕೆಲಸಕ್ಕೆ ನಮ್ಮ ಮನೆಗೆ ಬಂದಿದೆ ಎಂದು ತಿಳಿಯದೆ ಹೋದರೆ ತಲೆ ಕೆಟ್ಟುಹೋಗುತ್ತದೆ. ನನ್ನ ತಲೆ ಹಾಗೆ ಕೆಟ್ಟದ್ದು ದೇವರ ಹಿಪ್ಪರಗಿಯಲ್ಲಿ, ನೀಲವ್ವ ಚಿಗವ್ವನ ಮನೆಯಲ್ಲಿ. ಸುಳ್ಳು ಯಾಕೆ ಹೇಳಲಿ, ಅದು ಒಂದಿಷ್ಟಾದರೂ ನೆಟ್ಟಗಾಗಿದ್ದು ಹೋದ ವಾರ.

ಚಿಗವ್ವ ನಮ್ಮ ಅವ್ವನ ತಂಗಿ. ನೌಕರಿಗೆ ಸೇರಿದ ಹೊಸದರಲ್ಲಿ ನಾನು ಆ ಊರಿನ ಸಾಲೆಯಲ್ಲಿದ್ದೆ, ಅವಳ ಮನೆಯಲ್ಲೇ ಉಳಿದಿದ್ದೆ. ಮಕ್ಕಳಿಲ್ಲದ ಮನೆ, ಹೀಗಾಗಿ ಪಾಲಿಲ್ಲದ ಪ್ರೀತಿ. ಅವಳ ಗಂಡ, ನಮ್ಮ ಕಾಕಾ, ಮುದ್ದೇಬಿಹಾಳದ ಬಸ್ಸು ಓಡಿಸಿ ನಿವೃತ್ತರಾದವರು. ಆ ದಾರಿಯ ಹಳ್ಳಿಯ ಹೆಂಗಸರು ಕಾಕಾನ ಹಾರ್ನು ಕೇಳಿ ಒಲೆಯ ಮೇಲಿನ ಪಾತ್ರೆ ಇಳಿಸಿ ಓಡಿ ಬರುತ್ತಿದ್ದರಂತೆ. ಸ್ಟೇರಿಂಗ್ ಹಿಡಿದೇ ಜೋಕು ಹೇಳುವ ಮನುಷ್ಯ. ನಾನು ಆ ಮನೆ ಸೇರುವ ಹೊತ್ತಿಗೆ ಆ ಮನುಷ್ಯ ಇರಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಹಿತ್ತಲಿನ ಕಡೆ ಮುಖ ಮಾಡಿ ಕೂತ ಇನ್ನೊಬ್ಬರಿದ್ದರು. ಏನಾಯಿತು ಕಾಕಾ ಅಂದರೆ "ಏನಿಲ್ಲ." ಊಟ? "ಬ್ಯಾಡ." ನಿದ್ದೆ? "ಆಗತೈತಿ." ನಿಜಕ್ಕೂ ಏನೂ ಆಗಿರಲಿಲ್ಲ. ಯಾರೂ ಸತ್ತಿರಲಿಲ್ಲ, ಜಗಳವಿಲ್ಲ, ಪೆನ್ಶನ್ನು ಬರುತ್ತಿತ್ತು. ವಯಸ್ಸಾಯಿತು ಅಂತ ಊರೆಲ್ಲ ಅಂದರು, ನಾನೂ ಅಂದೆ. ಅದೊಂದು ರೋಗವಿರಬಹುದೆಂದು ಯಾರ ತಲೆಗೂ ಬರಲಿಲ್ಲ.

ಈ ನಡುವೆ ಚಿಗವ್ವನಿಗೆ ಸರ್ಪಸುತ್ತು ಆಯಿತು. ಎಡಗಡೆಯ ಪಕ್ಕೆಯಿಂದ ಬೆನ್ನಿನ ತನಕ ಪಟ್ಟಿ ಕಟ್ಟಿದ ಹಾಗೆ ಗುಳ್ಳೆಗಳು. ಓಣಿಯ ಹಿರಿಯಳೊಬ್ಬಳು ಜಾಜು, ಅದೇ ಕೆಮ್ಮಣ್ಣು, ಅರೆದು ಹಚ್ಚಿದಳು. ಗುಳ್ಳೆ ಮಾಯ್ದವು, ಜಾಜು ಉದುರಿತು, ನೋವು ಮಾತ್ರ ಅಲ್ಲೇ ಉಳಿಯಿತು. ಮೈಮೇಲೆ ನೋಡಿದರೆ ಏನೂ ಇಲ್ಲ. "ಸೆರಗ ತಾಕಿದ್ರ ಸಾಕು ತಮ್ಮಾ, ಹಸಿಮೆಣಸಿನಕಾಯಿ ಅರದು ಹಚ್ಚಿದಂಗ ಉರಿತೈತಿ" ಎನ್ನುತ್ತಿದ್ದಳು. ಇಳಕಲ್ ಸೀರೆಯನ್ನು ಒಂದು ನಿರಿಗೆ ಅತ್ತಿತ್ತ ಆಗದಂತೆ ಉಡುವವಳು, ಎಡಸೆರಗನ್ನು ಕೈಯಲ್ಲಿ ದೂರ ಹಿಡಿದುಕೊಂಡು ಅಡಿಗೆ ಮನೆಯಲ್ಲಿ ಓಡಾಡುವುದನ್ನು ನೋಡಿ ನನಗೆ ಅಳು ಬರುತ್ತಿತ್ತು. ರೊಟ್ಟಿ ಬಡಿಯುವಾಗ ತೋಳು ಪಕ್ಕೆಗೆ ತಗುಲಿದರೆ ಹಲ್ಲು ಕಚ್ಚುತ್ತಿದ್ದಳು.

ಸಿಂದಗಿಗೆ ಕರೆದುಕೊಂಡು ಹೋದೆ. ಅಲ್ಲಿನ ಲೇಡಿ ಡಾಕ್ಟರು, ಎಲ್ಲರ ಬಾಯಲ್ಲಿ ಡಾಕ್ಟರ್ ಬಾಯಿ, ಕೇಳಿದ್ದು ಕಡಿಮೆ, ಕೇಳಿಸಿಕೊಂಡದ್ದು ಹೆಚ್ಚು. ಒಂದೇ ಸಣ್ಣ ಗುಳಿಗೆ ಬರೆದರು. ಕೆಳಗಿನ ಔಷಧದ ಅಂಗಡಿಯವನು ಪಟ್ಟಿ ಕೈಗೆ ಕೊಡುವ ಮುಂಚೆ ನಾಲ್ಕು ಜನಕ್ಕೆ ಕೇಳುವಂತೆ, "ಇದು ಮನಸಿನ ಬ್ಯಾನಿ ಇದ್ದವರಿಗೆ ಕೊಡೋದ್ರಿ. ಯಾರಿಗೆ ಬೇಕಾಗಿತ್ತು?" ಅಂದ. ನನ್ನ ಮುಖ ಕೆಂಪಾಯಿತು. ಚಿಗವ್ವನಿಗೆ ಹುಚ್ಚು ಎಂದು ಯಾರಾದರೂ ಅಂದಾರೆಂದು ದುಡುದುಡು ಮೆಟ್ಟಿಲು ಹತ್ತಿ ಮತ್ತೆ ಡಾಕ್ಟರ್ ಮುಂದೆ ನಿಂತೆ. ಚಿಗವ್ವ ಹಿಂದೆಯೇ ಬಂದಳು.

"ಅಂವ ಸುಳ್ಳ ಹೇಳಿಲ್ರಿ," ಎಂದು ಡಾಕ್ಟರ್ ಬಾಯಿ ನಕ್ಕರು. "ಮನಸ್ಸ ಪೂರಾ ಕುಗ್ಗಿ ಹೋದವರಿಗೆ ಅಂತ ಬಂದ ಗುಳಿಗಿ ಇದು. ಆಮ್ಯಾಲೆ ನರದ ನೋವಿಗೂ ಆಗತೈತಿ ಅಂತ ಗೊತ್ತಾತು. ಮನಸಿಗೆ ಭಾಳ ಬೇಕು, ನೋವಿಗೆ ಸ್ವಲ್ಪ ಸಾಕು." ಅದು ಹೇಗೆ ಎಂದು ನಾನು ಪಟ್ಟು ಹಿಡಿದೆ. ಅವರು ನನ್ನನ್ನು ಬಿಟ್ಟು ಚಿಗವ್ವನ ಕಡೆ ತಿರುಗಿದರು. "ನಿಮ್ಮ ಮನಿಗೆ ಬಂದ ಬೀಗರು ನೀರ ಕುಡದು ಹೊಳ್ಳಿ ಹೊಂಟ್ರ ಏನ ಮಾಡ್ತೀರಿ?"

"ಬಾಗಲದಾಗ ಅಡ್ಡ ನಿಲ್ಲತೇನ್ರಿ. ಉಣ್ಣದ ಹ್ಯಾಂಗ ಬಿಡೂದು?"

"ಹಾಂ, ಇದೂ ಅಷ್ಟ ಮಾಡತೈತಿ. ಒಂದ ನರ ಇನ್ನೊಂದಕ್ಕ ಸುದ್ದಿ ಮುಟ್ಟಸಾಕ ನಡುವಿನ ಸಂದಿಯೊಳಗ ರಸ ಬಿಡತೈತಿ. ಸುದ್ದಿ ಮುಟ್ಟತಿದ್ದಂಗ ಲಗೂನ ಆ ರಸಾ ವಾಪಸ್ ಎಳಕೊಂತೈತಿ. ಈ ಗುಳಿಗಿ ಬಾಗಲದಾಗ ನಿಂತು, ಹೋಗಬ್ಯಾಡ, ಇನ್ನ ಸ್ವಲ್ಪ ಇರು ಅಂತೈತಿ. ರಸ ನಿಂತಷ್ಟೂ, ನೋವು ಸಾಕು ಅಂತ ಮೆದುಳ ಕೂಗಿದ್ದು ಬೆನ್ನಹುರಿಗೆ ಕೇಳಸತೈತಿ."

ಆಮೇಲೆ ಎಚ್ಚರಿಕೆಗಳು. ಈ ಗುಳಿಗೆ ಆ ಒಂದು ಬಾಗಿಲಲ್ಲಿ ಮಾತ್ರ ನಿಲ್ಲುವುದಿಲ್ಲ, ಕರೆಯದ ಮನೆಗೂ ಹೋಗುತ್ತದೆ. ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟುತ್ತದೆ, ತೂಕಡಿಕೆ ಬರುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ಗುಣ ಕಾಣುವುದಕ್ಕೆ ವಾರಗಳು ಬೇಕು. ತಾನಾಗಿ ಹೆಚ್ಚಿಗೆ ನುಂಗಿದರೆ ಹೃದಯಕ್ಕೇ ಅಪಾಯ, ಒಮ್ಮೆಗೇ ಬಿಡಲೂಬಾರದು. ನಾನು ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಈ ಜಾತಿಯ ಔಷಧಕ್ಕೆ ಟ್ರೈಸೈಕ್ಲಿಕ್ ಎಂದು ಹೆಸರು, ಅದರ ಅಣುವಿನಲ್ಲಿ ಮೂರು ಉಂಗುರ ಒಂದಕ್ಕೊಂದು ಅಂಟಿಕೊಂಡಿವೆ. ಚಿತ್ರವನ್ನು ಬಹಳ ಹೊತ್ತು ನೋಡಿದೆ. ಮೂರು ಉಂಗುರಕ್ಕೆ ಸೀರೆಯ ಸೆರಗಿನ ಉರಿಯೂ ಮನುಷ್ಯನ ದುಃಖವೂ ಒಟ್ಟಿಗೆ ಹೇಗೆ ಗೊತ್ತಾಗುತ್ತದೆಂದು ತಿಳಿಯಲಿಲ್ಲ. ಡಾಕ್ಟರ್ ಹೇಳುವಾಗ ತಿಳಿದಂತಿತ್ತು, ಬಸ್ಸಿಳಿಯುವಾಗ ಹೋಗಿತ್ತು.

ವಾರಗಳು ಕಳೆದವು. ಚಿಗವ್ವನ ಉರಿ ತಗ್ಗಲಿಲ್ಲ. ಮತ್ತೆ ಸಿಂದಗಿ. ಡಾಕ್ಟರ್ ಬಾಯಿ ಹೃದಯದ ಪರೀಕ್ಷೆ ಮಾಡಿಸಿ, ಪ್ರಮಾಣ ಒಂದಿಷ್ಟು ಏರಿಸಿದರು. ಉರಿ ಸ್ವಲ್ಪ ಇಳಿಯಿತು, ಪೂರ್ತಿ ಇಲ್ಲ. ಆದರೆ ಮನೆಯಲ್ಲಿ ಬೇರೆಯೇ ಒಂದು ವಿಚಿತ್ರ ಶುರುವಾಯಿತು. ಕಾಕಾ ಗಡಿಗೆಯ ನೀರು ಖಾಲಿ ಮಾಡತೊಡಗಿದರು. ಪದೇ ಪದೇ ತುಟಿ ಸವರಿಕೊಳ್ಳುವರು. ಹೊಟ್ಟೆ ಸರಿಯಿಲ್ಲವೆಂದು ಗೊಣಗುವರು. ಎದ್ದು ನಿಂತರೆ ಕಂಬ ಹಿಡಿಯುವರು. ಗಂಡಹೆಂಡತಿ ಇಬ್ಬರಿಗೂ ಒಂದೇ ಥರ ಒಣಗಿದ ಬಾಯಿ, ಒಂದೇ ಥರ ಕಟ್ಟಿದ ಹೊಟ್ಟೆ. ನಾನು ಬುದ್ಧಿವಂತ, ಬೋರಿನ ನೀರು ಕೆಟ್ಟಿದೆ ಅಂದೆ. ನೀರು ಕುದಿಸಿದೆವು. ಆಮೇಲೆ ಖಾರದ ಪುಡಿ ಬದಲಿಸಿದೆವು. ಪಕ್ಕದ ಮನೆಯವರು ದೃಷ್ಟಿ ತೆಗೆದರು. ಏನು ಮಾಡಿದರೂ ಅಷ್ಟೇ. ಇನ್ನೂ ಒಂದು ವಿಚಿತ್ರ: ಕಾಕಾ ರಾತ್ರಿ ನಿದ್ದೆ ಮಾಡುತ್ತಿದ್ದರು. ಒಂದು ಮುಂಜಾನೆ ಚಹಾ ಕುಡಿಯುತ್ತ, ರಸ್ತೆಯಲ್ಲಿ ಹೋದ ಬಸ್ಸಿನ ಸದ್ದಿಗೆ ಕಿವಿಗೊಟ್ಟು, "ಗೇರ್ ಸರಿ ಹಾಕೂದಿಲ್ಲ ಮಗಾ ಅಂವ" ಅಂದರು. ಆ ಮನೆಯಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

ಅದಾದ ಮೇಲೆ ಒಂದು ದಿನ ಕಾಕಾಗೆ ಮೂತ್ರ ಕಟ್ಟಿತು. ಬೆಳಗಿನಿಂದ ಒಂದು ಹನಿ ಇಲ್ಲ, ಹೊಟ್ಟೆ ಕಲ್ಲಾಗಿ ಮನುಷ್ಯ ಬೆವರುತ್ತಿದ್ದರು. ಸಿಂದಗಿಗೆ ಓಡಿದೆವು. ಡಾಕ್ಟರ್ ಬಾಯಿ ನಳಿಕೆ ಹಾಕಿಸಿ ಹಗುರ ಮಾಡಿ, ಯಾವ ಗುಳಿಗೆ ತಗೋತೀರಿ ಎಂದು ಕೇಳಿದರು. "ಯಾವ್ದೂ ಇಲ್ರಿ" ಎಂದರು ಕಾಕಾ. ಡಾಕ್ಟರು ಅವರ ಒಣಗಿದ ನಾಲಿಗೆ ನೋಡಿದರು, ನಾಡಿ ನೋಡಿದರು, ಮತ್ತೆ ಚಿಗವ್ವನನ್ನು ನೋಡಿದರು.

ಚಿಗವ್ವ ಸೆರಗು ಸರಿಮಾಡಿಕೊಂಡಳು. "ಅರ್ಧಾ ಅರ್ಧಾ ತಗೋತೇವ್ರಿ."

ಆ ಮನೆಯಲ್ಲಿ ಊಟವಾದ ಮೇಲೆ ಎಲೆ-ಅಡಿಕೆಯ ತಟ್ಟೆ ಬರುವುದು, ಚಿಗವ್ವ ಅಡಿಕೆಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡುವುದು, ಅರ್ಧ ಗಂಡನಿಗೆ ಅರ್ಧ ತನಗೆ. ಬಾಳೆಹಣ್ಣಾದರೂ ಹಾಗೆ, ಕಡಕ್ ರೊಟ್ಟಿಯಾದರೂ ಹಾಗೆ. ಒಬ್ಬರೇ ಪೂರಾ ತಿಂದದ್ದನ್ನು ನಾನು ಕಂಡಿಲ್ಲ. ಗುಳಿಗೆಯೂ ಅದೇ ತಟ್ಟೆಗೆ ಬಂದು, ಅದೇ ಅಡಕತ್ತರಿಗೆ ಸಿಕ್ಕಿ ಎರಡಾಗುತ್ತಿತ್ತು. ನಾನು ಅಲ್ಲೇ ಕೂತು ಪೇಪರು ತಿದ್ದುತ್ತಿದ್ದೆ.

ಡಾಕ್ಟರ್ ಬಾಯಿಗೆ ಸಿಟ್ಟು ನೆತ್ತಿಗೇರಿತು. "ಗುಳಿಗಿ ಅಂದ್ರ ಪ್ರಸಾದ ಅಲ್ರಿ ಹಂಚಾಕ! ಈ ವಯಸಿನಾಗ ಗಂಡಸರಿಗೆ ಮೂತ್ರಕೋಶದ ಕೆಳಗಿನ ಗ್ರಂಥಿ ದಪ್ಪಾಗಿರತೈತಿ, ಅಂಥಾವರಿಗೆ ಇದು ಮೂತ್ರಾ ಕಟ್ಟಿಸತೈತಿ. ಹೃದಯಕ್ಕ ಹತ್ತಿದ್ರ ಏನ ಮಾಡ್ತಿದ್ರಿ?" ಚಿಗವ್ವ ತಲೆ ಎತ್ತಲಿಲ್ಲ. ಬೈದು ಮುಗಿದ ಮೇಲೆ ಡಾಕ್ಟರು ಕುರ್ಚಿ ಎಳೆದು ಕಾಕಾನ ಮುಂದೆ ಕೂತರು. ಮೆಲ್ಲಗೆ ಒಂದೊಂದೇ ಕೇಳಿದರು. ಊಟದ ರುಚಿ ಇದೆಯಾ, ಮುಂಜಾನೆ ಏಳಬೇಕು ಅನ್ನಿಸುತ್ತದಾ, ಬದುಕು ಸಾಕು ಅನ್ನಿಸುತ್ತದಾ. ಕಾಕಾ ಉತ್ತರ ಕೊಟ್ಟರು. ನನ್ನನ್ನು ಹೊರಗೆ ಕಳಿಸಿದ್ದರಿಂದ ಏನೆಂದರು ಎಂಬುದು ನನಗೆ ಕೇಳಲಿಲ್ಲ. ಹೊರಗೆ ಬಂದಾಗ ಅವರ ಕೈಯಲ್ಲಿ ಬೇರೆ ಗುಳಿಗೆಯ ಚೀಟಿ ಇತ್ತು, ಅವರ ಮೈಗೆ ಆಗಿಬರುವಂಥದ್ದು. ವಿಜಯಪುರದ ಮನೋವೈದ್ಯರ ಹತ್ತಿರ ಹೋಗಿ ಬರುವುದೂ ಶುರುವಾಯಿತು. ಚಿಗವ್ವ ತನ್ನ ಗುಳಿಗೆಯನ್ನು ಪೂರಾ ನುಂಗಿದಳು. ಕೆಲವೇ ವಾರದಲ್ಲಿ ಸೆರಗು ಮೈಮೇಲೆ ನಿಂತಿತು.

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ನನಗೆ ಮಾತ್ರ ಒಂದು ಲೆಕ್ಕ ಬಿಡಿಸಲು ಬರಲಿಲ್ಲ. ಅಷ್ಟು ಸಣ್ಣ ಅರ್ಧ ಗುಳಿಗೆಗೆ ಕುಗ್ಗಿದ ಮನಸ್ಸನ್ನು ಎತ್ತುವ ಶಕ್ತಿ ಇಲ್ಲವೆಂದು ಡಾಕ್ಟರ್ ಬಾಯಿಯೇ ಹೇಳಿದ್ದರು. ನಿದ್ದೆ ಬಂದದ್ದು ಅದರಿಂದಲೇ ಇರಬೇಕು, ಸರಿ. ಬಸ್ಸಿನ ಗೇರಿನ ಮಾತು ಎಲ್ಲಿಂದ ಬಂತು? ಹೊಸ ಔಷಧ ಶುರುವಾಗುವ ಮುಂಚೆಯೇ ಕಾಕಾ ತಿರುಗಿ ಬರತೊಡಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕೇಳಿದವರೆಲ್ಲ ಒಂದೊಂದು ಹೇಳಿದರು. ನಾನು ಗೊಂದಲವನ್ನು ಹೊತ್ತುಕೊಂಡೇ ಬಸವನ ಬಾಗೇವಾಡಿಗೆ ವರ್ಗವಾಗಿ ಹೋದೆ, ಅಲ್ಲಿಂದ ಇಂಡಿಗೆ ಬಂದೆ.

ಈಗ ಅದೇ ಗುಳಿಗೆ ನನ್ನ ಕೈಗೇ ಬಂದಾಗ ತಡೆಯಲಾಗಲಿಲ್ಲ. ಹೋದ ವಾರ ದೇವರ ಹಿಪ್ಪರಗಿಗೆ ಹೋದೆ. ಚಿಗವ್ವ ಅಡಿಗೆ ಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಳು. ಅವತ್ತು ರೂಢಿಯ ಪ್ರಕಾರ ಗುಳಿಗೆ ಮುರಿದೆಯಲ್ಲ, ಎಂಥ ಪೆದ್ದಿ ನೀನು ಎಂದು ಕಾಡಿಸಿದೆ.

ಅವಳು ಸೌಟು ನಿಲ್ಲಿಸಲಿಲ್ಲ. "ರೂಢಿ ಎಲ್ಲೀದೋ ತಮ್ಮಾ. ಅಂಗಡಿಯಾಂವ ಮನಸಿನ ಗುಳಿಗಿ ಅಂದನಲ್ಲ, ಅವಾಗ ನಿನಗ ಸಿಟ್ಟ ಬಂತು. ನನಗ ಜೀವ ಬಂದಂಗಾತು. ನಿಮಗ ಮನಸಿಗೆ ಆರಾಮಿಲ್ಲ, ಡಾಕ್ಟರ್ ಕಡೆ ನಡೀರಿ ಅಂದ್ರ ಬರ್ತಿದ್ರೇನು ಅವರು? ಭಾಂವಿ ಕಡೆ ನೋಡಕೋತ ಕೂಡ್ತಿದ್ರು. ನಾ ಹಗ್ಗಾ ತಗದು ಬಚ್ಚಿಟ್ಟಿದ್ದೆ, ಭಾಂವೀನ ಎಲ್ಲಿ ಬಚ್ಚಿಡ್ಲಿ?"

ಹಿತ್ತಲಿನ ಕಡೆ ಮುಖ ಮಾಡಿ ಕೂತಿದ್ದ ಕಾಕಾನನ್ನು ನಾನು ಎಷ್ಟು ದಿನ ನೋಡಿದ್ದೆ! ಬಾವಿ ಇದ್ದದ್ದು ಹಿತ್ತಲಿನಲ್ಲೇ. "ಮತ್ತ ನಿನ್ನ ಉರಿ?" ಎಂದೆ.

"ನಂದು ಬರೇ ತೊಗಲ ಉರಿತಿತ್ತು. ಪೂರಾನ ಕೊಡತಿದ್ದೆ, ಆದ್ರ ನಾನೂ ಕಾಲ ಮ್ಯಾಲೆ ನಿಲ್ಲಬೇಕಲ್ಲ ಅವರನ್ನ ಕಾಯಾಕ. ಅದಕ್ಕ ಅರ್ಧಾ. ತಪ್ಪ ಮಾಡಿದೆ, ಡಾಕ್ಟರ್ ಬಾಯಿ ಬೈದದ್ದ ಖರೇ ಐತಿ."

ಪಡಸಾಲೆಗೆ ಬಂದೆ. ಕಾಕಾ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಚಿಗವ್ವನ ಮನಸ್ಸಿನಲ್ಲಿದ್ದ ಕಾರಣ ಅವರಿಗೆ ಗೊತ್ತಿಲ್ಲವೆಂದೇ ತಿಳಿದು, ಆ ಅರ್ಧ ಹೋಳು ಯಾತಕ್ಕೆಂದು ಕೊಡುತ್ತಿದ್ದಳು ಕಾಕಾ ಎಂದು ಕೇಳಿದೆ.

"ಮಂಡಿ ನೋವಿಗೆ ಅಂತಿದ್ಲು," ಎಂದು ನಕ್ಕರು. "ನನಗ ಯಾವ ಮಂಡಿ ನೋವು! ಆಕಿ ಸೆರಗ ಕೈಯಾಗ ಹಿಡಕೊಂಡು ಹಲ್ಲ ಕಚ್ಚಿ ಓಡ್ಯಾಡತಿದ್ಲು, ತನ್ನ ಔಷಧದಾಗ ಅರ್ಧಾ ತಂದು ನನ್ನ ಅಂಗೈಯಾಗ ಇಡತಿದ್ಲು. ನನಗೇನ ಕಣ್ಣಿರಲಿಲ್ಲೇನು? ದಿನಾ ಮುಂಜಾನೆ ಭಾಂವಿ ಕಡೆ ಹೋಗಬೇಕು ಅನ್ನಸ್ತಿತ್ತು. ಅಷ್ಟು ಉರಿಯೊಳಗ ಅರ್ಧಾ ಬಿಟ್ಟು ಕೊಟ್ಟಾಕಿಗೆ ಏನಂತ ಹೇಳಿ ಹೋಗ್ಲಿ?"

ಒಳಗೆ ಶೇಂಗಾ ಸಿಡಿಯುವ ಸದ್ದು ಕೇಳುತ್ತಿತ್ತು. ಬದುಕಿಸಿದ್ದು ಯಾವುದು, ನಿದ್ದೆಯೋ, ಡಾಕ್ಟರ್ ಬರೆದ ಹೊಸ ಚೀಟಿಯೋ, ಅಂಗೈಯ ಮೇಲಿನ ಆ ತಪ್ಪು ಅರ್ಧವೋ, ಇವತ್ತಿಗೂ ಹೇಳಲಾರೆ. ಸಂಜೆಯ ಬಸ್ಸಿಗೆ ಇಂಡಿಗೆ ಬಂದೆ. ಊಟವಾದ ಮೇಲೆ ಹೆಂಡತಿಯನ್ನು ಕರೆದು ಹತ್ತಿರ ಕೂರಿಸಿಕೊಂಡೆ. ಈಚೆಗೆ ನನಗೂ ಮುಂಜಾನೆ ಏಳಬೇಕು ಅನ್ನಿಸುವುದಿಲ್ಲ, ಇದನ್ನು ಡಾಕ್ಟರಿಗೆ ಹೇಳಿಲ್ಲ, ನಾಳೆ ನೀನೂ ಜೊತೆಗೆ ಬಾ ಅಂದೆ.

ಅವಳು, "ಗೊತ್ತೈತ್ರಿ," ಅಂದಳು. "ನೀವ ಹೇಳ್ಲಿ ಅಂತ ಕಾಯಾಕತ್ತಿದ್ದೆ."