ಪೇಡೆಯೊಳಗಿನ ಗುಳಿಗೆ

ನಮ್ಮ ಮುದಿ ನಾಯಿ ಮೋತ್ಯಾನನ್ನು ಲಕಮನಹಳ್ಳಿಯ ಗೆಳೆಯನ ಹೊಲದಲ್ಲಿ ಮಣ್ಣು ಮಾಡಿ ಬಂದ ಮರುದಿನ, ಅವನು ಮಲಗುತ್ತಿದ್ದ ಗೋಣಿಚೀಲವನ್ನು ಕೊಡವಲು ಎತ್ತಿದೆ. ಅದರ ಕೆಳಗಿನಿಂದ ಬಿಳಿ ಗುಳಿಗೆಗಳು ಅಂಗಳದ ತುಂಬ ಉರುಳಿದವು. ಒಂದೊಂದಕ್ಕೂ ಪೇಡೆಯ ಕಂದು ಪುಡಿ ಅಂಟಿ ಒಣಗಿತ್ತು.

ಹೃದಯ ದಣಿದಿದೆ, ದಿನಕ್ಕೊಂದು ಗುಳಿಗೆ ಹಾಕಿ ತಿಂಗಳು ನೋಡೋಣ ಎಂದಿದ್ದರು ಪಶುವೈದ್ಯರು. ರೊಟ್ಟಿಯಲ್ಲಿಟ್ಟರೆ ಉಗುಳುತ್ತಿದ್ದ. ಧಾರವಾಡದವರಿಗೆ ಬೇರೇನು ಹೊಳೆಯಬೇಕು? ಪೇಡೆಯಲ್ಲಿ ಹುದುಗಿಸಿ ಕೊಟ್ಟೆ. ಬಾಲ ಅಲ್ಲಾಡಿಸುತ್ತ ಕಚ್ಚಿಕೊಂಡು ತನ್ನ ಚೀಲದತ್ತ ಹೋಗುತ್ತಿದ್ದ. ಗೆದ್ದೆನೆಂದುಕೊಂಡು ನಾನು ಒಳಗೆ ಬರುತ್ತಿದ್ದೆ.

ತಿಂಗಳು ಮುಗಿಯುವಷ್ಟರಲ್ಲಿ ಉಸಿರಾಡಲು ಒದ್ದಾಡತೊಡಗಿದ. ವೈದ್ಯರು ಅವನ ಎದೆಯ ಮೇಲಿನ ಕೈ ತೆಗೆಯದೆ ಕೇಳಿದರು: "ಗುಳಿಗಿ ತಪ್ಪದ ಹಾಕೀರಿ ಹೌದಲ್ರಿ?"

"ಒಂದು ದಿನಾನೂ ತಪ್ಪಿಲ್ರಿ ಸರ್. ನನ್ನ ಕೈಯಾರ ಹಾಕೇನಿ."

"ಹಂಗಾದ್ರ ಔಷಧ ನಾಟವಲ್ದು. ಇನ್ನ ಅದನ್ನ ನೋಯಿಸೋದು ಬ್ಯಾಡ್ರಿ," ಎಂದರು. ಆ ಕೊನೆಯ ಇಂಜೆಕ್ಷನ್‌ಗೆ ನಾನೇ ಸಹಿ ಹಾಕಿದೆ.

ಅಂಗಳದಲ್ಲಿ ಕೂತು ಗುಳಿಗೆ ಆರಿಸುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ನುಂಗಿದ್ರೂ ಅವ ಉಳೀತಿದ್ದಿಲ್ಲ ಬಿಡ್ರಿ," ಎಂದಳು.

ಇರಬಹುದು. ಆ ವೈದ್ಯರು ದಿನಾ ಬೆಳಿಗ್ಗೆ ವಾಕಿಂಗ್‌ನಲ್ಲಿ ನನಗೆ ಎದುರಾಗುತ್ತಿದ್ದರು. ಕೇಳಿದರೆ ಹೌದೋ ಅಲ್ಲವೋ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ನಾನು ವಾಕಿಂಗ್ ದಾರಿಯನ್ನೇ ಬದಲಿಸಿದ್ದೇನೆ.